ತೇಲು ಹೋಟೆಲೂ ದಂಡೆಯ ತಂಬಾಕಿನ ಅಂಗಡಿಯೂ

ನಮ್ಮ ಬಡಾವಣೆಯಲ್ಲಿ ಒಬ್ಬ ಹಿರಿಯರಿದ್ದಾರೆ. ರಾಯರು ಎಂದರೆ ಸಾಕು. ಪೂರ್ತಿ ಹೆಸರು ಹೇಳಿದರೆ ಅವರಿಗೆ ಸಂಕೋಚ, ನನಗೆ ತೊಂದರೆ. ವಯಸ್ಸು ಎಂಬತ್ತೈದು ದಾಟಿದೆ. ಪ್ರಾಯದಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದು, ಅಲ್ಲಿಂದ ವಿಯೆಟ್ನಾಮಿನ ಅಂತರರಾಷ್ಟ್ರೀಯ ನಿಯಂತ್ರಣ ಆಯೋಗದ ಕೆಲಸಕ್ಕೆ ಹೋಗಿ, ಸೈಗಾನ್ ನಗರದಲ್ಲಿ ಒಂದೂವರೆ ವರ್ಷ ಟೈಪ್‌ರೈಟರ್ ಕುಟ್ಟಿ ಬಂದವರು. 1954ರ ಜಿನೀವಾ ಒಪ್ಪಂದದಿಂದ ಹುಟ್ಟಿದ ಆ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಕೆನಡಾ, ಪೋಲೆಂಡುಗಳು ಸದಸ್ಯರು. ಯುದ್ಧವನ್ನು ತಡೆಯುವ ಶಕ್ತಿ ಅದಕ್ಕೆ ಇರಲಿಲ್ಲ. ಯುದ್ಧ ನಡೆಯುತ್ತಿದೆಯೆಂದು ವರದಿ ಬರೆಯುವ ಶಕ್ತಿ ಬೇಕಾದಷ್ಟಿತ್ತು. ಆ ವರದಿಗಳಲ್ಲಿ ಕೆಲವನ್ನು ನಮ್ಮ ರಾಯರು ಟೈಪು ಮಾಡಿದ್ದಾರೆ.

ಕಳೆದ ತಿಂಗಳು ಒಂದು ಭಾನುವಾರ ಅವರ ಮನೆಯಲ್ಲಿ ಕಾಫಿಗೆ ಕುಳಿತಿದ್ದೆವು. ಅವರ ಮೊಮ್ಮಗ ಕಛೇರಿಯ ಸ್ನೇಹಿತರನ್ನು ಕಟ್ಟಿಕೊಂಡು ವಿಯೆಟ್ನಾಮಿಗೆ ಪ್ರವಾಸ ಹೊರಟಿದ್ದಾನೆ. ಈಗಿನವರಿಗೆ ಅದು ತಿರುಪತಿಗೆ ಹೋಗಿ ಬಂದಷ್ಟೇ ಸುಲಭ. ರಾಯರಿಗೆ ಉತ್ಸಾಹ ಬಂತು.

“ಸೈಗಾನಿಗೆ ಹೋದರೆ ನದಿಯ ದಂಡೆಗೆ ಹೋಗಪ್ಪ. ಅಲ್ಲೊಂದು ತೇಲುವ ಹೋಟೆಲು ಇತ್ತು. ಮೀ ಕಾನ್ ಅಂತ ಹೆಸರು. ಸಂಜೆ ದೀಪ ಹಚ್ಚಿದರೆ ನೀರಿನಲ್ಲಿ ಇನ್ನೊಂದು ಹೋಟೆಲು ಕಾಣುತ್ತಿತ್ತು. ನಾನು ಎರಡು ಸಲ ಹೋಗಿದ್ದೆ. ತಿನ್ನುವುದಕ್ಕೆ ನಮಗೇನಿದೆ ಅಲ್ಲಿ, ಎಲ್ಲಾ ಏಡಿ, ಸೀಗಡಿ. ನಿಂಬೆಹಣ್ಣಿನ ಪಾನಕ ಕುಡಿದು ಕೂತಿದ್ದೆ. ಆಹಾ, ಆ ಗಾಳಿ!”

ಮೊಮ್ಮಗ ಅಷ್ಟು ಹೊತ್ತಿಗೆ ಫೋನಿನಲ್ಲಿ ನೋಡಿ ಆಗಿತ್ತು. “ಅದು ಈಗ ಇಲ್ಲ ತಾತ. 1965ರಲ್ಲಿ ಅದಕ್ಕೆ ಬಾಂಬು ಇಟ್ಟಿದ್ದರಂತೆ. ಅಮೆರಿಕದವರು ಬಂದು ಕೂರುತ್ತಿದ್ದ ಜಾಗ ಅಲ್ಲವಾ, ಇಟ್ಟರೆ ಏನು ತಪ್ಪು? ಯುದ್ಧ ಅಂದ ಮೇಲೆ ಅದೂ ಒಂದು ಗುರಿ.”

ತಾತನದು ಗಾಳಿ, ಮೊಮ್ಮಗನದು ಗುರಿ. ಇಬ್ಬರ ಮೇಲೂ ನನಗೆ ಸಿಟ್ಟು ಬಂತು. ಕಾಫಿ ಕುಡಿದ ಮನೆಯಲ್ಲಿ ಜಗಳ ತೆಗೆಯುವುದು ಸಲ್ಲದೆಂದು ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಇಬ್ಬರೂ ಈ ಪುರವಣಿಯನ್ನು ಓದುತ್ತಾರೆ: ತಾತ ಕಾಗದದ ಮೇಲೆ, ಮೊಮ್ಮಗ ಯಾರಾದರೂ ಕಳುಹಿಸಿಕೊಟ್ಟರೆ.

ಮೊದಲು ನಡೆದದ್ದೇನೆಂದು ಹೇಳಬೇಕು. ಹೋಟೆಲು ಎಂದರೆ ನಮಗೆ ಊಟತಿಂಡಿಯ ಜಾಗ. ಇದೂ ಅಂಥದೇ, ಇಳಿದುಕೊಳ್ಳುವ ಜಾಗವಲ್ಲ. ಸೈಗಾನ್ ನದಿಯಲ್ಲಿ, ಬಾಖ್ ದಾಂಗ್ ದಂಡೆಗೆ ಕಟ್ಟಿ ನಿಲ್ಲಿಸಿದ ದೋಣಿಮನೆ. ದಂಡೆಯಿಂದ ಹಲಗೆಯ ಸೇತುವೆಯ ಮೇಲೆ ನಡೆದು ಒಳಗೆ ಹೋಗಬೇಕು. ಊರಿನ ಉಳ್ಳವರೂ ಹೊರದೇಶದವರೂ ಸಂಜೆ ಅಲ್ಲಿಗೆ ಬರುತ್ತಿದ್ದರು. 1965ನೇ ಇಸವಿ ಜೂನ್ 25, ಶುಕ್ರವಾರ, ರಾತ್ರಿ ಸುಮಾರು ಎಂಟೂಕಾಲು ಗಂಟೆ. ಊಟದ ಹೊತ್ತು. ದಂಡೆಯ ಮೇಲಿಟ್ಟಿದ್ದ ಮೈನು ಹೋಟೆಲಿನ ಕಡೆಗೆ ಸಿಡಿಯಿತು. ಅದು ಕ್ಲೇಮೋರ್ ಜಾತಿಯ ಮೈನು. ಸಾಮಾನ್ಯ ಬಾಂಬಿನಂತೆ ಸುತ್ತಲೂ ಸಿಡಿಯುವುದಲ್ಲ. ಯಾವ ಕಡೆಗೆ ಮುಖಮಾಡಿ ಇಟ್ಟಿರುತ್ತಾರೋ ಆ ಕಡೆಗೆ ಬೀಸಣಿಗೆಯಂತೆ ಉಕ್ಕಿನ ಗುಂಡುಗಳನ್ನು ಎರಚುತ್ತದೆ. ಅಮೆರಿಕದ ಸೈನ್ಯ ಬಳಸುತ್ತಿದ್ದ ಮಾದರಿಯಲ್ಲಿ ಅಂಥ ಗುಂಡುಗಳು ಸುಮಾರು 700. ಅಂದರೆ ಅದನ್ನು ಇಡುವವನು ಯಾರ ಕಡೆಗೆ ಇಡುತ್ತಿದ್ದೇನೆಂದು ನೋಡಿಯೇ ಇಡಬೇಕು. ನೋಡದೆ ಇಡುವ ಯಂತ್ರವಲ್ಲ ಅದು.

ಬದುಕಿ ಉಳಿದವರು ಹೆದರಿ ಹಲಗೆಯ ಸೇತುವೆಯ ಮೇಲೆ ದಂಡೆಗೆ ಓಡಿದರು. ಆಗ ಎರಡನೆಯದು ಸಿಡಿಯಿತು. ಅದನ್ನು ಇಟ್ಟದ್ದು ದಂಡೆಯ ಮೇಲೆ, ಒಂದು ತಂಬಾಕಿನ ಅಂಗಡಿಯ ಪಕ್ಕದಲ್ಲಿ.

ಸತ್ತವರೆಷ್ಟು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಲೆಕ್ಕ: ಒಬ್ಬರು 31 ಎನ್ನುತ್ತಾರೆ, ಒಬ್ಬರು 32, ಕೆಲವರು ನಲವತ್ತು ದಾಟಿಸುತ್ತಾರೆ. ಅಮೆರಿಕನ್ನರ ಸಂಖ್ಯೆಯೂ ಹಾಗೆಯೇ ಒಂಬತ್ತು, ಹದಿಮೂರು ಎಂದು ಅತ್ತಿತ್ತ ಓಲಾಡುತ್ತದೆ. ಆದರೆ ಎಲ್ಲ ಲೆಕ್ಕಗಳೂ ಒಪ್ಪುವ ಒಂದು ಮಾತಿದೆ: ಸತ್ತವರಲ್ಲಿ ಹೆಚ್ಚಿನವರು ಅಮೆರಿಕನ್ನರಲ್ಲ, ವಿಯೆಟ್ನಾಮಿನವರು. ಮಾಡಿದವರು ಯಾರೆಂಬುದರಲ್ಲೂ ಜಗಳವಿಲ್ಲ. ವಿಮೋಚನಾ ರಂಗದ ನಗರ ದಳ ಅದನ್ನು ಮಾಡಿತು. ಇಂದಿಗೂ ಆ ದೇಶದಲ್ಲಿ ಅದನ್ನು ಸೈಗಾನಿನ ಕಮಾಂಡೋಗಳ ಸಾಹಸಗಳ ಸಾಲಿನಲ್ಲಿಯೇ ಎಣಿಸುತ್ತಾರೆ.

ಇನ್ನೊಂದು ಸಂಗತಿ. ಮೀ ಕಾನ್ ಎಂದರೆ ಚೆಲುವಾದ ನೋಟ. ಚೀಣೀ ಮೂಲದಿಂದ ಬಂದ ಶಬ್ದ. ಆದರೆ ಆ ಭಾಷೆಯಲ್ಲಿ ಅಮೆರಿಕೆಗೂ ‘ಮೀ’ ಎಂದೇ ಹೆಸರು, ಅದೇ ಅಕ್ಷರ. ಹೋಟೆಲಿಟ್ಟ ಪುಣ್ಯಾತ್ಮ ಚೆಲುವೆಂದು ಬರೆದ. ಓದಿದವರು ಅಮೆರಿಕವೆಂದು ಓದಿಕೊಂಡರು. ನಮ್ಮ ಮೊಮ್ಮಗರಾಯನೂ ಹಾಗೆಯೇ ಓದಿದ್ದಾನೆ.

ಈಗ ಅವನ ವಾದಕ್ಕೆ ಬರೋಣ. ಅದು ಹುಡುಗಾಟದ ವಾದವಲ್ಲ. ಅವನು ಹೇಳದೆ ಬಿಟ್ಟದ್ದನ್ನೂ ಅವನ ಪರವಾಗಿ ನಾನೇ ಹೇಳುತ್ತೇನೆ. 1965ರ ಮಾರ್ಚಿಯಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ಅಮೆರಿಕೆಯ ಎಡೆಬಿಡದ ಬಾಂಬುದಾಳಿ ಆರಂಭವಾಯಿತು. ಅದೇ ತಿಂಗಳು 8ರಂದು ಅದರ ನೌಕಾಪಡೆಯ ಕಾಲಾಳುಗಳು ದಾ ನಾಂಗಿನಲ್ಲಿ ಇಳಿದರು. ವರ್ಷದ ಕೊನೆಗೆ ಆ ಪುಟ್ಟ ದೇಶದಲ್ಲಿ ಅಮೆರಿಕನ್ ಸೈನಿಕರ ಸಂಖ್ಯೆ 1,84,000ದ ಹತ್ತಿರ ಬಂದಿತ್ತು. ಹೋಟೆಲಿನ ಘಟನೆಗೆ ಸರಿಯಾಗಿ ಒಂದು ವಾರ ಮುಂಚೆ, ಜೂನ್ 18ರಂದು, ಬಿ-52 ವಿಮಾನಗಳು ಮೊದಲ ಬಾರಿಗೆ ಆ ಯುದ್ಧಕ್ಕೆ ಇಳಿದವು. ಗುವಾಮ್ ದ್ವೀಪದಿಂದ ಎರಡು ಡಜನ್ನಿಗೂ ಮಿಕ್ಕ ವಿಮಾನಗಳು ಎರಡು ಸಾವಿರ ಮೈಲಿಗೂ ಹೆಚ್ಚು ದೂರ ಹಾರಿಬಂದು ಸೈಗಾನಿನ ಉತ್ತರಕ್ಕಿರುವ ಕಾಡಿನ ಮೇಲೆ ಬಾಂಬು ಸುರಿದು ಹೋದವು. ದಾರಿಯಲ್ಲಿ ಎರಡು ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸಮುದ್ರ ಸೇರಿದವು. ಆಮೇಲೆ ಕಾಡಿಗೆ ಹೋಗಿ ನೋಡಿದವರಿಗೆ ಹೇಳಿಕೊಳ್ಳುವಂಥದೇನೂ ಸಿಕ್ಕಲಿಲ್ಲ. ಮುಂದೆ ಎಂಟು ವರ್ಷ ಹೀಗೆಯೇ ನಡೆಯಿತು. ಸತ್ತವರನ್ನು ಲಕ್ಷಗಳಲ್ಲಿ ಎಣಿಸಬೇಕಾಯಿತು. ಹೀಗಿರುವಾಗ ಒಂದು ಹೋಟೆಲಿಗಾಗಿ ಅಳುವವರು ಕಾಡಿನಲ್ಲಿ ಸತ್ತವರಿಗಾಗಿ ಅತ್ತರೇ? ವಿಮಾನವಿಲ್ಲದ ಬಡವ ಬೇರೆ ಹೇಗೆ ಕಾದಬೇಕು?

ಒಳ್ಳೆಯ ಪ್ರಶ್ನೆ. ಅಮೆರಿಕೆ ಅಲ್ಲಿ ಮಾಡಿದ್ದಕ್ಕೆ ನಾನು ವಕಾಲತ್ತು ಹಾಕುವವನಲ್ಲ. ಮೂವತ್ತು ಸಾವಿರ ಅಡಿ ಎತ್ತರದಿಂದ, ಕೆಳಗೆ ಯಾರಿದ್ದಾರೆಂದು ನೋಡಲು ಸಾಧ್ಯವಿಲ್ಲದಂತೆ ಏರ್ಪಾಟು ಮಾಡಿಕೊಂಡು ಕೊಲ್ಲುವುದು ನಾಗರಿಕತೆಯ ಹೆಸರಿನಲ್ಲಿ ನಡೆದ ಮಹಾಪಾಪ. ಆದರೆ ಈ ಪಾಪವನ್ನು ತಂದು ತಂಬಾಕಿನ ಅಂಗಡಿಯವನ ಖಾತೆಗೆ ಖರ್ಚು ಬರೆಯುವುದು ಯಾವ ಗಣಿತ? ಕಾಡಿನಲ್ಲಿ ಸತ್ತ ರೈತನ ಸಾಲವನ್ನು ದಂಡೆಯಲ್ಲಿ ಸತ್ತ ಮಾಣಿ ಏಕೆ ತೀರಿಸಬೇಕು? ಅವನು ಗುವಾಮಿನಿಂದ ಬಂದವನೇ?

ವಿಮಾನವಿಲ್ಲದವನಿಗೆ ಒಂದು ಇತ್ತು: ಕಣ್ಣು. ವಿಮಾನದಲ್ಲಿದ್ದವನು ಯಾರನ್ನೂ ನೋಡಲಿಲ್ಲ. ಮೈನು ಇಟ್ಟವನು ಆ ದಂಡೆಯ ಮೇಲೆ ನಡೆದುಬಂದಿದ್ದ. ಅಂಗಡಿಯನ್ನು ನೋಡಿದ್ದ. ಶುಕ್ರವಾರ ಸಂಜೆ ದಂಡೆಯ ಮೇಲೆ ಯಾರು ಯಾರು ಇರುತ್ತಾರೆಂದು ಅವನಿಗೆ ತಿಳಿದಿತ್ತು; ಅದು ಅವನದೇ ಊರು, ಅವನದೇ ಭಾಷೆ. ತಿಳಿದೇ ಇಟ್ಟ. ಇದರಿಂದ ವಿಮಾನದವನ ಪಾಪ ಒಂದು ಗುಂಜಿಯಷ್ಟೂ ಇಳಿಯುವುದಿಲ್ಲ. ಇವನದೂ ಇಳಿಯುವುದಿಲ್ಲ.

ಮೊದಲನೆಯ ಮೈನಿಗೆ ಬೇಕಾದರೆ ಒಂದು ವಾದ ಹೂಡಬಹುದು: ಒಳಗೆ ಶತ್ರುಗಳಿದ್ದರು, ಜೊತೆಗೆ ಬೇರೆಯವರೂ ಸಿಕ್ಕಿಕೊಂಡರು ಎಂದು. ನಾನು ಒಪ್ಪುವುದಿಲ್ಲ; ಆದರೂ ಅದು ವಾದದ ಆಕಾರದಲ್ಲಾದರೂ ಇದೆ. ಎರಡನೆಯದಕ್ಕೆ ಏನು ಹೇಳುತ್ತೀಯಪ್ಪ? ಎರಡನೆಯದರ ಗುರಿ ಸೈನಿಕನಲ್ಲ, ಓಡುವವನು. ಗಾಯಗೊಂಡವನನ್ನು ಹೆಗಲಿಗೆ ಹಾಕಿಕೊಂಡು ಓಡಿಬರುವವನು, ಏನಾಯಿತೆಂದು ನೋಡಲು ದಂಡೆಯಿಂದ ಓಡಿಹೋಗುವವನು. ಮನುಷ್ಯ ಹೆದರಿದಾಗ ಯಾವ ಕಡೆಗೆ ಓಡುತ್ತಾನೆ, ಮರುಕಗೊಂಡಾಗ ಯಾವ ಕಡೆಗೆ ಓಡುತ್ತಾನೆ ಎಂದು ಲೆಕ್ಕ ಹಾಕಿ, ಎರಡೂ ಸೇರುವ ಜಾಗದಲ್ಲಿ ಇಟ್ಟದ್ದು ಅದು. ಅದನ್ನು ‘ಗುರಿ’ ಎಂದು ಕರೆಯುವ ಮೊದಲು ನಾಲಗೆ ಒಂದು ಕ್ಷಣ ತಡವರಿಸಬೇಕಾಗಿತ್ತು. ಕಾಫಿಯ ಬಟ್ಟಲು ಕೈಯಲ್ಲಿದ್ದುದರಿಂದ ತಡವರಿಸಲಿಲ್ಲವೋ ಏನೋ.

ಬಾಖ್ ದಾಂಗ್ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಪ್ರವಾಸದ ಮಾರ್ಗದರ್ಶಿ ಅದನ್ನು ಹೇಗೂ ಹೇಳುತ್ತಾನೆ. ಆ ದೇಶದ ಉತ್ತರದಲ್ಲಿ ಆ ಹೆಸರಿನ ನದಿಯಿದೆ. 938ರಲ್ಲಿ ಚೀಣೀಯರ ಹಡಗುಗಳನ್ನೂ 1288ರಲ್ಲಿ ಮಂಗೋಲರ ಹಡಗುಗಳನ್ನೂ ಅಲ್ಲಿ ನೀರಿನಡಿ ಗೂಟ ನೆಟ್ಟು ಮುಳುಗಿಸಿದರು. ನಿಜವಾದ ಪರಾಕ್ರಮ. ಅಂಥ ಜನ ಅಮೆರಿಕೆಗೆ ಮಣಿಯಲಿಲ್ಲವೆಂದರೆ ಆಶ್ಚರ್ಯವಿಲ್ಲ. ಆದರೆ ಆ ಗೂಟಗಳಿಗೆ ಸಿಕ್ಕಿದ್ದು ಯುದ್ಧಕ್ಕೆಂದು ಬಂದ ಹಡಗು. ಊರಿನವರೇ ಊಟಕ್ಕೆ ಕುಳಿತ ದೋಣಿಯಲ್ಲ.

ನಮ್ಮ ಓದುಗರಲ್ಲಿ ಇಂಗ್ಲಿಷ್ ಕಾದಂಬರಿ ಓದುವವರು ಬಹಳ ಮಂದಿ ಇದ್ದಾರೆ, ಮೊಮ್ಮಗನೂ ಒಬ್ಬ. ಗ್ರಹಾಂ ಗ್ರೀನನ ‘ದಿ ಕ್ವಯೆಟ್ ಅಮೆರಿಕನ್’ ಅವನ ಮೇಜಿನ ಮೇಲೆಯೇ ಇತ್ತು. 1955ರ ಆ ಕಾದಂಬರಿಯಲ್ಲಿ ಸೈಗಾನಿನ ನಾಟಕಶಾಲೆಯ ಮುಂದಿನ ಚೌಕದಲ್ಲಿ ಬಾಂಬು ಸಿಡಿಯುತ್ತದೆ. ಅದು ಬರಿಯ ಕಲ್ಪನೆಯಲ್ಲ. 1952ನೇ ಜನವರಿ 9ರಂದು ಆ ಚೌಕದಲ್ಲಿ ನಿಜವಾಗಿಯೂ ಸಿಡಿದಿತ್ತು. ಫ್ರೆಂಚರಿಗೂ ಕಮ್ಯೂನಿಸ್ಟರಿಗೂ ಎದುರಾಗಿದ್ದ ಒಬ್ಬ ಸೇನಾನಿಯ ಕಡೆಯವರ ಕೆಲಸ ಅದು. ಅದರ ಹಿಂದೆ ಅಮೆರಿಕೆಯ ಕೈ ಇದೆಯೆಂಬುದು ಗ್ರೀನನ ಕಥೆ. ಆ ಪುಟಗಳನ್ನು ಓದಿ ನಾವೆಲ್ಲ ಮರುಗಿದೆವು. ‘ಮೂರನೆಯ ಶಕ್ತಿ’, ‘ಪ್ರಜಾಪ್ರಭುತ್ವ’ ಎಂಬ ದೊಡ್ಡ ಶಬ್ದಗಳ ಕೆಳಗೆ ಬೀದಿಯ ಹೆಂಗಸರು ಮಕ್ಕಳು ಹೇಗೆ ಬಲಿಯಾಗುತ್ತಾರೆಂದು ವಿಚಾರ ಗೋಷ್ಠಿಗಳಲ್ಲಿ ಮಾತನಾಡಿದೆವು. ಸರಿಯಾಗಿಯೇ ಮಾತನಾಡಿದೆವು. ಆ ಚೌಕದಿಂದ ಕತಿನಾ ಬೀದಿಯಲ್ಲಿ ಇಳಿಜಾರಿಗೆ ನಡೆದರೆ ನದಿಯ ದಂಡೆ. ಅರ್ಧ ಮೈಲಿಯೂ ಇಲ್ಲ. ಹದಿಮೂರು ವರ್ಷಗಳ ಮೇಲೆ, ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ದೂರದಲ್ಲಿ, ಅದೇ ಊರಿನ ಅಂಥದೇ ಜನ ಅಂಥದೇ ರೀತಿಯಲ್ಲಿ ಸತ್ತರು. ಅದಕ್ಕೆ ಕಾದಂಬರಿಯೂ ಇಲ್ಲ, ಗೋಷ್ಠಿಯೂ ಇಲ್ಲ, ಏಕೆಂದರೆ ಈ ಸಲ ಬಾಂಬು ಇಟ್ಟವರು ನಮಗೆ ಪ್ರಿಯರಾದವರು! ಚೌಕದಲ್ಲಿ ಸತ್ತವಳು ಸಾಕ್ಷಿ, ದಂಡೆಯಲ್ಲಿ ಸತ್ತವಳು ಗುರಿ. ಹೀಗೆ ಸಿಡಿಸಿದವನ ಕುಲಗೋತ್ರ ವಿಚಾರಿಸಿಕೊಂಡು ಹೊರಡುವ ಕಣ್ಣೀರಿಗೆ ಏನೆನ್ನಬೇಕು?

ಮೊಮ್ಮಗನ ಮಾತು ಸಾಕು. ರಾಯರ ಗಾಳಿಗೆ ಬರುತ್ತೇನೆ. ರಾಯರು ದೊಡ್ಡವರು, ನನಗೆ ಪೂಜ್ಯರು. ಆದರೂ ಹೇಳಬೇಕು.

ಅವರದು ಒಬ್ಬರ ನೆನಪಲ್ಲ. ಅಮೆರಿಕೆಯಿಂದ ಯುದ್ಧಕ್ಕೆ ಹೋಗಿ ಬಂದ ಸಾವಿರಾರು ಮಂದಿ ತಮ್ಮ ಹಳೆಯ ಪೆಟ್ಟಿಗೆಗಳಲ್ಲಿ ಇದೇ ಹೋಟೆಲಿನ ಚಿತ್ರ ಇಟ್ಟುಕೊಂಡಿದ್ದಾರೆ. 1965ರ ಆಮೇಲೆಯೂ ಅದನ್ನು ದುರಸ್ತಿ ಮಾಡಿ ನಡೆಸಿದರು. 1967ರಲ್ಲಿ, 68ರಲ್ಲಿ ಹೋಗಿ ಉಂಡವರ ಚಿತ್ರಗಳಿವೆ. ನದಿ, ದೀಪದ ಸಾಲು, ಬಿಳಿಯ ಮೇಜುಬಟ್ಟೆ. ಎಲ್ಲವೂ ಸೊಗಸು. ಆ ಊರನ್ನು ‘ಪೂರ್ವದ ಪ್ಯಾರಿಸ್’ ಎಂದು ಕರೆದು ನಿಟ್ಟುಸಿರು ಬಿಡುವವರೂ ಇದ್ದಾರೆ. ಯಾರ ಪ್ಯಾರಿಸ್? ಅಲ್ಲಿ ಮೇಜಿನ ಒಂದು ಕಡೆ ಕೂತವರದು. ತಟ್ಟೆ ಹಿಡಿದು ನಿಂತವನಿಗೆ ಅದು ಸೈಗಾನೇ.

ಅಂದು ಎದ್ದು ಬರುವ ಮುನ್ನ ರಾಯರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದೆ: “ರಾಯರೇ, ಆ ಪಾನಕ ತಂದುಕೊಟ್ಟವನು ಹೇಗಿದ್ದ?” ಅವರು ಬಹಳ ಹೊತ್ತು ಯೋಚಿಸಿದರು. ಲೋಟದ ಆಕಾರ ನೆನಪಿತ್ತು. ಅದರ ಅಂಚಿಗೆ ಸಿಕ್ಕಿಸಿದ ನಿಂಬೆಯ ಬಿಲ್ಲೆ ನೆನಪಿತ್ತು. ತಂದವನು ಗಂಡಸೋ ಹೆಂಗಸೋ ನೆನಪಿರಲಿಲ್ಲ. “ಅರವತ್ತು ವರ್ಷದ ಹಿಂದಿನ ಮಾತಲ್ಲವೇ ಸ್ವಾಮಿ” ಎಂದರು. ಲೋಟವೂ ಅರವತ್ತು ವರ್ಷದ ಹಿಂದಿನದೇ ಎಂದು ನಾನು ಹೇಳಲಿಲ್ಲ.

ಇದರಲ್ಲಿ ರಾಯರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಊರಿನ ಹಳೆಯ ಹೋಟೆಲು ಮುಚ್ಚಿದಾಗ ನಾವೂ ಹೀಗೆಯೇ ಬರೆಯುತ್ತೇವೆ: ದೋಸೆಯ ಮೇಲಿನ ಬೆಣ್ಣೆ, ಅಮೃತಶಿಲೆಯ ಮೇಜು, ಮೂಲೆಯಲ್ಲಿ ಕುಳಿತು ಹರಟಿದ ಸಾಹಿತಿಗಳು. ಬೆಳಗಿನ ನಾಲ್ಕಕ್ಕೆ ಎದ್ದು ರುಬ್ಬಿದ ಹುಡುಗ ಆಮೇಲೆ ಎಲ್ಲಿಗೆ ಹೋದ ಎಂದು ಬರೆದವರನ್ನು ನಾನು ಕಂಡಿಲ್ಲ, ನಾನೂ ಬರೆದಿಲ್ಲ. ಹೋಟೆಲಿನ ನೆನಪೆಂದರೆ ಬಡಿಸಿಕೊಂಡವರ ನೆನಪು. ಅಲ್ಲಿ ಬೆಣ್ಣೆ ಕರಗಿತು ಎಂದಷ್ಟೇ ಆದರೆ ಆ ಮರೆವನ್ನು ಕ್ಷಮಿಸಬಹುದು. ಜನ ಸತ್ತ ಜಾಗದಲ್ಲಿ ಕ್ಷಮಿಸುವುದು ಕಷ್ಟ.

ಏಕೆಂದರೆ ನೋಡಿ. ಅಂದು ಸತ್ತ ಅಮೆರಿಕನ್ ಸೈನಿಕರಿಗೆ ವಾಷಿಂಗ್ಟನ್ನಿನಲ್ಲಿ ಒಂದು ಗೋಡೆಯಿದೆ. 1982ರಲ್ಲಿ ನಿಲ್ಲಿಸಿದ ಕರಿಕಲ್ಲಿನ ಗೋಡೆ. 58,000ಕ್ಕೂ ಮಿಕ್ಕ ಹೆಸರುಗಳು, ಅದೂ ಸತ್ತ ದಿನದ ಅನುಕ್ರಮದಲ್ಲಿ. ಬೇಕಾದವರು ಹೋಗಿ 1965ರ ಜೂನಿನ ಸಾಲನ್ನು ಬೆರಳಿಟ್ಟು ಮುಟ್ಟಬಹುದು. ಮೈನು ಇಟ್ಟ ದಳಗಳಿಗೆ ಅವರ ಊರಿನಲ್ಲಿ ವಸ್ತುಸಂಗ್ರಹಾಲಯವಿದೆ. ಗೆದ್ದವರು ಗೆದ್ದವರನ್ನು ನೆನೆಯುತ್ತಾರೆ, ಸೋತವರು ಸೋತವರನ್ನು. ದಂಡೆಯ ಮೇಲಿದ್ದವರು ಯಾವ ಕಡೆ? ಗೆದ್ದ ಸರ್ಕಾರಕ್ಕೆ ಅವರು ಬೇಡ, ಏಕೆಂದರೆ ಅವರನ್ನು ಎಣಿಸಿದರೆ ಸಾಹಸದ ಬಣ್ಣ ಕೆಡುತ್ತದೆ. ಸೋತ ಸರ್ಕಾರ 1975ರಲ್ಲಿಯೇ ಇಲ್ಲವಾಯಿತು. ಅಮೆರಿಕೆಗೆ ಅವರು ಬೇಕಾದದ್ದು ಶತ್ರುವಿನ ಕ್ರೌರ್ಯವನ್ನು ತೋರಿಸುವ ಚಿತ್ರವಾಗಿ, ಅಷ್ಟು ದಿನದ ಮಟ್ಟಿಗೆ. ಹೀಗೆ ಮೂರು ಮನೆಯ ಬಾಗಿಲೂ ಮುಚ್ಚಿದ ಮೇಲೆ ಉಳಿಯುವುದು ‘ಮತ್ತಿತರರು’ ಎಂಬ ಒಂದು ಶಬ್ದ. ನಮ್ಮ ಪತ್ರಿಕೆಗಳೂ ಈ ಶಬ್ದವನ್ನು ದಿನಾ ಬಳಸುತ್ತವೆ, ಸಭೆಗಳ ವರದಿಯ ಕೊನೆಯಲ್ಲಿ. ಅಲ್ಲಿ ಅದರಿಂದ ಕೆಡುಕಿಲ್ಲ.

ಭಾರತದವರಾದ ನಾವು ಈ ವಿಷಯದಲ್ಲಿ ಬೀಗಬೇಕಾದ್ದೇನೂ ಇಲ್ಲ. ಆ ಊರಿನಲ್ಲಿ ನಮ್ಮ ಅಧಿಕಾರಿಗಳಿದ್ದರು, ಸೈನಿಕರಿದ್ದರು, ರಾಯರಂಥ ಗುಮಾಸ್ತರಿದ್ದರು. ಕದನವಿರಾಮ ಕಾಯುವುದೇ ಅವರ ಉದ್ಯೋಗ. ಅದೇ 1965ರ ಅಕ್ಟೋಬರ್ 18ರಂದು ಆಯೋಗದ ವಿಮಾನ ವಿಯೆಂಟಿಯಾನಿನಿಂದ ಹಾನಾಯಿಗೆ ಹೊರಟು ದಾರಿಯಲ್ಲಿ ಕಣ್ಮರೆಯಾಯಿತು. ಅದರಲ್ಲಿ ಭಾರತೀಯರೂ ಸೇರಿ 13 ಜನ ಇದ್ದರು. ಆಗ ತಾನೇ ಪಾಕಿಸ್ತಾನದೊಡನೆ ಯುದ್ಧ ಮುಗಿದಿತ್ತು. ನಮ್ಮ ಗಮನವೆಲ್ಲ ಪಶ್ಚಿಮದ ಗಡಿಯ ಮೇಲೆ. ಶಾಂತಿ ಕಾಯಲು ಹೋಗಿ ಕಾಣೆಯಾದ ಈ ನಮ್ಮವರ ಒಂದು ಹೆಸರನ್ನಾದರೂ ನಮ್ಮ ಬಡಾವಣೆಯಲ್ಲಿ ಹೇಳಬಲ್ಲವರಿದ್ದಾರೆಯೇ? ರಾಯರಿಗೆ ಇದು ನೆನಪಿದೆ. ಆದರೆ ಇಷ್ಟು ವರ್ಷದಲ್ಲಿ ಅವರು ಇದನ್ನು ಹೇಳಿದ್ದಿಲ್ಲ. ಪಾನಕದ ಕಥೆಯನ್ನು ಹತ್ತು ಸಲ ಹೇಳಿದ್ದಾರೆ. ಕೇಳುವವರು ಅದನ್ನೇ ಕೇಳುತ್ತಾರಲ್ಲ, ಅವರೇನು ಮಾಡಿಯಾರು!

ಈಗ ಮೀ ಕಾನ್ ಇಲ್ಲ. ಸೈಗಾನ್ ಎಂಬ ಹೆಸರನ್ನೂ 1976ರಲ್ಲಿ ಬದಲಾಯಿಸಿದರು. ಕತಿನಾ ಬೀದಿ ‘ತು ದೊ’ ಆಗಿ, ಆಮೇಲೆ ‘ದೊಂಗ್ ಖೋಯ್’ ಆಯಿತು. ಮೊದಲನೆಯದಕ್ಕೆ ಸ್ವಾತಂತ್ರ್ಯವೆಂದು ಅರ್ಥ, ಎರಡನೆಯದಕ್ಕೆ ದಂಗೆಯೆಂದು. ದಂಡೆಯನ್ನು ಅಚ್ಚುಕಟ್ಟಾದ ಉದ್ಯಾನವಾಗಿ ಮಾಡಿದ್ದಾರೆ. ಸಂಜೆ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ದೀಪ ಹಚ್ಚಿದ ದೋಣಿಗಳಲ್ಲಿ ಊಟವನ್ನೂ ಬಡಿಸುತ್ತಾರೆ. ಬಡಿಸಲಿ. ಊರು ಉಣ್ಣಬೇಕು, ನಗಬೇಕು. ದಂಡೆಯ ತುಂಬ ಕಲ್ಲು ನೆಟ್ಟು ಊರನ್ನು ಸ್ಮಶಾನ ಮಾಡಿರೆಂದು ನಾನು ಹೇಳುವುದಿಲ್ಲ.

ನಾನು ಮೊಮ್ಮಗನಿಗೆ ಒಪ್ಪಿಸುವ ಕೆಲಸ ಚಿಕ್ಕದು. ಮುಂದಿನ ತಿಂಗಳು ಅಲ್ಲಿಗೆ ಹೋದಾಗ ಮಾರ್ಗದರ್ಶಿ ಆ ದಂಡೆಯನ್ನು ತೋರಿಸಿ ಇಲ್ಲಿ ಇಷ್ಟು ಮಂದಿ ಅಮೆರಿಕನ್ನರು ಸತ್ತರು ಎಂದಾಗ, ಅವನು ಎಲ್ಲರೆದುರಿಗೆ ಕೇಳಬೇಕು: ತಂಬಾಕಿನ ಅಂಗಡಿ ಎಲ್ಲಿತ್ತು, ಅದರವರು ಏನಾದರು ಎಂದು. ಫೋನಿನಲ್ಲಿ ಕೇಳಿಕೊಂಡಾಗ ಒಪ್ಪಿದ್ದಾನೆ. “ಕೇಳ್ತೀನಿ ಸಾರ್, ಆದರೆ ಅವನಿಗೆ ಗೊತ್ತಿರೋದಿಲ್ಲ” ಎಂದ. ಗೊತ್ತಿಲ್ಲವೆಂದು ಅವನ ಬಾಯಿಂದಲೇ ಕೇಳಿಕೊಂಡು ಬಾ ಎಂದಿದ್ದೇನೆ.